ಈಜುಕೊಳದ ನೀರು ಕೆಂಪಾದ ಸೋಮವಾರ

ಬೆಳಿಗ್ಗೆ ಆರು ಗಂಟೆಗೆ ಗಿಡ್ಡಮ್ಮ ಈಜುಕೊಳದ ಗೇಟು ತೆಗೆದಳು. ಪೊರಕೆ ಹಿಡಿದು ಕೊಳದ ಅಂಚಿಗೆ ಬಂದಳು. ನೀರು ನೋಡಿದಳು. ಪೊರಕೆ ಅಲ್ಲೇ ಬಿಸಾಕಿ, ಕೂಗಿಕೊಳ್ಳುತ್ತ ರಸ್ತೆಗೆ ಓಡಿದಳು.

ಆರೂವರೆಗೆ ಠಾಣೆಯ ಫೋನು ಬಡಿದುಕೊಂಡಿತು. ಪಾಳಿ ಮುಗಿಸಿ ಮನೆಗೆ ಹೊರಟಿದ್ದ ನನ್ನ ಒಂದು ಕಾಲು ಆಗಲೇ ಹೊಸ್ತಿಲ ಆಚೆ ಇತ್ತು. ಇನ್ನೊಂದನ್ನೂ ಎತ್ತಿಟ್ಟಿದ್ದರೆ ಈ ಕಥೆಯನ್ನು ಬೇರೆ ಯಾರೋ ಹೇಳುತ್ತಿದ್ದರು.

ನನ್ನ ಹೆಸರು ಅಂಜಿನೇಯಲು. ಹಗರಿಬೊಮ್ಮನಹಳ್ಳಿಯಲ್ಲಿ ಹೆಡ್ ಕಾನ್‌ಸ್ಟೆಬಲ್. ಜನ ದಫೇದಾರ ಅಂತಾರೆ. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಕುರಿ ಕಳ್ಳರು, ಬೈಕು ಕಳ್ಳರು, ಮೋಟಾರಿನ ವೈರು ಕತ್ತರಿಸುವವರು ಎಲ್ಲರನ್ನೂ ನೋಡಿದ್ದೇನೆ. ಈಜುಕೊಳಕ್ಕೆ ವಿಷ ಹಾಕಿದ ಕೇಸು ಮಾತ್ರ ಅದೇ ಮೊದಲು.

ನಾನು ಹೋಗುವಷ್ಟರಲ್ಲಿ ಗೇಟಿನ ಮುಂದೆ ಐವತ್ತು ಜನ ಸೇರಿದ್ದರು. ಒಳಗೆ ಹೋಗಿ ನೋಡಿದೆ. ತಳದ ನೀಲಿ ಟೈಲ್ಸ್ ಎಣಿಸುವಷ್ಟು ತಿಳಿಯಾಗಿರಬೇಕಾದ ನೀರು ಚಹಾದ ಡಿಕಾಕ್ಷನ್ ಆಗಿತ್ತು. ಅಂಚಿಗೆಲ್ಲ ಕಂದು ಕೆನೆ. ಏಣಿಯ ಸ್ಟೀಲ್ ಸರಳಿಗೂ ಬಣ್ಣ ಹತ್ತಿತ್ತು.

"ಯಪ್ಪಾ, ನಾನು ರಗತ ಅನಕಂಡೆ," ಎಂದಳು ಗಿಡ್ಡಮ್ಮ. ಕೊಳ ಶುರುವಾದ ದಿನದಿಂದ ಇಲ್ಲಿ ಕಸ ಗುಡಿಸುವವಳು.

ಜನರ ನಡುವೆ ದಾರಿ ಮಾಡಿಕೊಂಡು ಹುಲುಗಣ್ಣ ಬಂದರು. ಈಜುಕೊಳ ಸಮಿತಿಯ ಕಾರ್ಯದರ್ಶಿ. ಊರಿನ ದೊಡ್ಡ ಕಲ್ಯಾಣ ಮಂಟಪದ ಮಾಲೀಕರೂ ಅವರೇ. ಮಂಟಪದಲ್ಲಿ ಮದುವೆ ನಡೆಯುತ್ತಿತ್ತು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಕೈಯಲ್ಲಿ ಆಗಲೇ ಬರೆದ ದೂರಿನ ಅರ್ಜಿ ಇತ್ತು.

"ಬರ್ರಿ ದಫೇದಾರ್ರ. ಇದನ್ನ ಮೊದ್ಲು ತಗೊಳ್ರಿ. ನೀರಿಗೆ ಏನೋ ಹಾಕ್ಯಾನ ಅವ."

"ಯಾರು?"

"ಇನ್ಯಾರು? ಆ ಕ್ರಾಂತಿಕುಮಾರ. ನಿನ್ನಿ ಸಂಜಿ ಆರಕ್ಕ ನಾನಾ ಬಂದು ನೋಡೀನಿ. ನೀರು ಗಾಜಿನಂಗ ಇತ್ತು. ಏಳಕ್ಕ ಅವ ಬಂದು ಪುಡಿ ಹಾಕಿ ಹೋಗ್ಯಾನ. ಮುಂಜಾನಿ ನೋಡಿದ್ರ ಹಿಂಗ."

ಅರ್ಜಿ ಓದಿದೆ. ಎರಡೇ ಸಾಲು. ಮೊದಲನೆಯದು: ತರಬೇತುದಾರ ಕ್ರಾಂತಿಕುಮಾರ್ ನೀರಿಗೆ ಅಪಾಯಕಾರಿ ವಸ್ತು ಬೆರೆಸಿದ್ದಾನೆ. ಎರಡನೆಯದು: ಹಾಸ್ಟೆಲ್ ಹುಡುಗಿಯರು ಕೊಳಕ್ಕೆ ಇಳಿಯಲು ಶುರುವಾದಾಗಿನಿಂದ ನೀರಿನ ಶುಚಿತ್ವ ಕೆಟ್ಟಿದೆ. ಯಾವ ಹಾಸ್ಟೆಲ್, ಯಾವ ಕೇರಿಯ ಹುಡುಗಿಯರು ಎಂದು ಬಿಡಿಸಿ ಬರೆದಿರಲಿಲ್ಲ. ಬಿಡಿಸಿ ಬರೆಯುವ ಅಗತ್ಯ ನಮ್ಮೂರಲ್ಲಿ ಇಲ್ಲ.

"ಸಂಜಿ ಐದಕ್ಕ ಸಮಿತಿ ಸಭಾ ಐತಿ," ಎಂದರು ಹುಲುಗಣ್ಣ. "ಅವನ್ನ ಕೆಲಸದಿಂದ ತಗೀತೀವಿ. ಹುಡುಗ್ಯಾರ ಮುಂಜಾನಿ ಪಾಳಿನೂ ಬಂದ್."

ಆ ಹುಡುಗಿಯರು ಗೇಟಿನ ಪಕ್ಕ ಗೋಡೆಗೆ ಆತು ನಿಂತಿದ್ದರು. ಇಪ್ಪತ್ತೆರಡು ಮಂದಿ. ದಿನಾ ಆರೂವರೆಗೆ ಅವರ ಪಾಳಿ. ಮೂರು ತಿಂಗಳಿಂದ ಕಲಿಯುತ್ತಿದ್ದಾರೆ. ಅವರಲ್ಲಿ ಎತ್ತರದವಳು ರೇಖಾ, ಪಿಯುಸಿ ಓದುವವಳು, ನನ್ನನ್ನು ತಡೆದಳು.

"ಸರ್, ನಾವು ಇಳಿದಿದ್ದಕ್ಕ ನೀರು ಹಿಂಗಾತು ಅಂತಾರ. ನೀರು ಹಂಗ ಆಕ್ಕತೇನ್ರಿ?"

ನನಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಮನೆಗೆ ಹೋಗುವ ಯೋಚನೆ ಅಲ್ಲಿಗೆ ಬಿಟ್ಟೆ.

*

ಎಸ್‌ಐ ಸಾಹೇಬರಿಗೆ ಫೋನ್ ಮಾಡಿದೆ. "ನೀರಿನ ಕೇಸು, ನೀರಿನವರನ್ನಾ ಕರಸು," ಎಂದು ಫೋನ್ ಇಟ್ಟರು. ಎಂಟು ಗಂಟೆಗೆ ಶಿವಲೀಲಾ ಸ್ಕೂಟಿಯಲ್ಲಿ ಬಂದಳು. ಹಳ್ಳಿಹಳ್ಳಿಯ ಕುಡಿಯುವ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವಳ ಕೆಲಸ. ಮೂವತ್ತೈದರ ಒಳಗಿನವಳು. ಮಾತು ಕಡಿಮೆ. ಹೆಗಲಿಗೆ ಸೀಸೆಗಳು ಗಲಗಲ ಅನ್ನುವ ಚೀಲ.

ಅವಳು ಕೊಳದ ನೀರು ಮೂಸಿದಳು. ಒಂದು ಲೋಟದಷ್ಟನ್ನು ಕಾಗದದಲ್ಲಿ ಸೋಸಿದಳು. ಕಾಗದದ ಮೇಲೆ ಕಂದು ಕೆಸರು ಉಳಿಯಿತು. ಕೆಳಗೆ ಬಿದ್ದ ನೀರು ತಿಳಿ. ಆ ತಿಳಿಗೆ ಯಾವುದೋ ಔಷಧ ಹಾಕಿದಳು, ಗುಲಾಬಿಯಾಯಿತು. ಮತ್ತೊಂದನ್ನು ಹನಿ ಹನಿಯಾಗಿ ಬಿಡುತ್ತ ಎಣಿಸಿದಳು. ಎಣಿಸಿ ಎಣಿಸಿ ಕೊನೆಗೆ ನೀಲಿಯಾಯಿತು. ನನಗೆ ಅದು ಜಾತ್ರೆಯ ಜಾದೂ ಕಂಡಂತೆ ಕಂಡಿತು.

"ವಿಷ ಏನ್ರಿ ಮೇಡಂ?"

"ವಿಷ ಅಲ್ಲ. ಕಬ್ಬಿಣ ಮತ್ತ ಮ್ಯಾಂಗನೀಸು. ನೆಲದಾಗಿಂದು." ಅವಳು ಕ್ರಾಂತಿಕುಮಾರನ ಕಡೆ ತಿರುಗಿದಳು. "ನೀರಿಗೆ ಏನೇನು ಮಾಡೀರಿ? ಒಂದೂ ಬಿಡದಂಗ ಹೇಳ್ರಿ."

ಕ್ರಾಂತಿಕುಮಾರ ಮೆಟ್ಟಿಲ ಮೇಲೆ ಕೂತಿದ್ದ. ಇಪ್ಪತ್ತೆಂಟರ ಹುಡುಗ, ಕೊಟ್ಟೂರಿನವನು. ಯಾರೂ ಅವನ ಹತ್ತಿರ ಹೋಗಿ ಒಂದು ಮಾತು ಕೇಳಿರಲಿಲ್ಲ. ಕೇಳಿದ್ದೇ ತಡ, ಕಟ್ಟೆ ಒಡೆದಂತೆ ಮಾತಾಡಿದ.

"ನಮ್ಮ ಬೋರಿಂದು ಸವಳ ನೀರು ಮೇಡಂ. ಟೈಲ್ಸಿಗೆ ಬೆಳ್ಳಗ ಸುಣ್ಣದ ಪೊರಿ ಕಟ್ಟತೈತಿ. ಅಂಚು ಮುಟ್ಟಿದ್ರ ಹುಡುಗರ ಮೊಣಕಾಲು ತರಚತಾವು. ಫಿಲ್ಟರಿನ ಉಸುಕು ಕಲ್ಲಾಗತೈತಿ. ವಾರಕ್ಕೊಮ್ಮೆ ಹುಣಸಿಹುಳಿ ಹಚ್ಚಿ ತಿಕ್ಕತೀನಿ. ಅಳದು ಆಸಿಡ್ ಹಾಕತೀನಿ. ಆದ್ರೂ ಮತ್ತ ಕಟ್ಟತೈತಿ. ಇದಕ್ಕ ಇರೋ ಉಪಾಯ ಒಂದಾ. ಹಳೀ ನೀರು ಒಂದಷ್ಟು ಹೊರಗ ಬಿಟ್ಟು ಸಿಹಿ ನೀರು ತುಂಬೋದು."

"ತುಂಬಿದಿರಾ?"

"ಶುಕ್ರವಾರ ಮೂರರಾಗ ಒಂದು ಪಾಲು ಬಿಟ್ಟೆ. ಮಾಗಳದಿಂದ ಹೊಳಿ ನೀರು ಆರು ಟ್ಯಾಂಕರ್ ಅಂತ ಸಮಿತಿ ಒಪ್ಪಿತ್ತು. ಶನಿವಾರ ಮೂರು, ಭಾನುವಾರ ಮೂರು. ಎರಡು ದಿನ ಕೊಳಕ್ಕ ರಜಾ. ನಾನು ಕೊಟ್ಟೂರಿಗೆ ಹೋದೆ, ಅವ್ವನ ಕಣ್ಣಿನ ಆಪರೇಷನ್ ಇತ್ತು. ನಿನ್ನಿ ಸಂಜಿ ಏಳಕ್ಕ ಬಂದೆ. ಕೊಳ ತುಂಬಿತ್ತು. ನೀರು ತಿಳಿ ಇತ್ತು. ದಿನಾ ಹಾಕೋವಷ್ಟಾ ಬ್ಲೀಚಿಂಗ್ ಪುಡಿ ಹಾಕಿ ಬೀಗ ಹಾಕಿದೆ. ಅಷ್ಟಾ ಮೇಡಂ. ನಮ್ಮವ್ವನ ಆಣಿ."

ಶಿವಲೀಲಾ ತನ್ನ ಪುಸ್ತಕ ತೆಗೆದಳು.

"ತಿಂಗಳ ತಿಂಗಳ ನೀವಾ ಕೊಳದ ನೀರು ಲ್ಯಾಬಿಗೆ ತಂದು ಕೊಡ್ತೀರಿ. ಹೋದ ವಾರದ್ದು ಒಂಬೈನೂರು. ಅಂದ್ರ ನೀರಿನಾಗ ಸುಣ್ಣ ಅಷ್ಟು ಐತಿ ಅಂತ. ಹೊಳಿ ನೀರಿಂದು ನೂರಾ ಇಪ್ಪತ್ತು. ಮೂರರಾಗ ಒಂದು ಪಾಲು ಅದು ಬಿದ್ದಿದ್ರ ಆರುನೂರಾ ಚಿಲ್ಲರಿಗೆ ಇಳೀಬೇಕಿತ್ತು."

"ಈಗೆಷ್ಟು?"

"ಒಂಬೈನೂರಾ ಹತ್ತು." ಅವಳು ಪುಸ್ತಕ ಮುಚ್ಚಿದಳು. "ದಫೇದಾರ್ರ, ಈ ಕೊಳಕ್ಕ ಹೊಳಿ ನೀರು ಒಂದು ಹನಿನೂ ಬಿದ್ದಿಲ್ಲ."

*

ಹಾಗಾದರೆ ಕೊಳ ತುಂಬಿದ್ದು ಯಾವ ನೀರಿನಿಂದ? ದಿನಾ ಬಳಸುವ ಬೋರಿನಲ್ಲಿ ಸುಣ್ಣ ಇದೆ, ಕಬ್ಬಿಣ ಇಲ್ಲ. ಅದನ್ನು ಶಿವಲೀಲಾ ಅಲ್ಲೇ ನೋಡಿ ಖಾತ್ರಿ ಮಾಡಿಕೊಂಡಳು.

"ಹಿಂದ ಒಂದು ಹಳೀ ಬೋರು ಐತ್ರಿ," ಎಂದಳು ಗಿಡ್ಡಮ್ಮ. "ಹಿಂದಿನ ಸಮಿತಿಯವ್ರು ಬಂದ್ ಮಾಡಿಸಿ ಎರಡು ವರ್ಷಾತು. ಒಗದ ಅರಿವಿಗೆಲ್ಲ ಕೆಂಪು ಕಲಿ ಹಿಡೀತಿತ್ತು."

ಕೊಳದ ಹಿಂಬದಿ ಜಾಲಿ ಗಿಡಗಳ ಮಧ್ಯೆ ಒಂದು ಕಬ್ಬಿಣದ ಪೆಟ್ಟಿಗೆ. ಒಳಗೆ ಮೋಟಾರಿನ ಸ್ಟಾರ್ಟರು. ಬೀಗದ ಕೈ ಆಫೀಸಿನ ಮೊಳೆಗೆ ನೇತು ಹಾಕಿರುತ್ತದೆ. ಸಮಿತಿಯವರು, ಕ್ರಾಂತಿಕುಮಾರ, ಗಿಡ್ಡಮ್ಮ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ನಾನೇ ಬೀಗ ತೆಗೆದೆ.

ತೆಗೆದವನು ಒಂದು ಹೆಜ್ಜೆ ಹಿಂದೆ ಸರಿದೆ. ಗಿಡ್ಡಮ್ಮ ಹತ್ತು ಹೆಜ್ಜೆ ಸರಿದಳು.

ಒಳಗೆ ಅರಿಶಿನ, ಕುಂಕುಮ. ಕೊಯ್ದ ನಿಂಬೆಹಣ್ಣಿನ ಎರಡು ಹೋಳು. ಉರಿದು ಬಿದ್ದ ಊದಿನಕಡ್ಡಿಯ ಬೂದಿ. ಮೂಲೆಯಲ್ಲಿ ತೆಂಗಿನಕಾಯಿಯ ಒಂದು ಹೋಳು.

"ಮಾಟ!" ಎಂದಳು ಗಿಡ್ಡಮ್ಮ. "ನಾ ಮುಂಜಾನಿನಾ ಹೇಳಿಲ್ಲೇನು?"

ಅವಳು ಮುಂಜಾನೆ ಹಾಗೇನೂ ಹೇಳಿರಲಿಲ್ಲ. ಆದರೆ ನಾನೂ ಪೆಟ್ಟಿಗೆಗೆ ಕೈ ಹಾಕಲಿಲ್ಲ. ಶಿವಲೀಲಾ ಮಾತ್ರ ನಕ್ಕಳು.

"ಮಾಟ ಅಲ್ರಿ. ಪೂಜಿ. ನಿಂತ ಮೋಟರು ಚಾಲೂ ಮಾಡುವಾಗ ನಿಮ್ಮ ಹೊಲದಾಗ ನೀವೇನು ಮಾಡ್ತೀರಿ ದಫೇದಾರ್ರ?"

ಮಾಡುವುದೇನು, ಇದನ್ನೇ. ಕಾಯಿ ಒಡೆದು, ನಿಂಬೆಹಣ್ಣು ಕೊಯ್ದು, ಕೈ ಮುಗಿದು ಆಮೇಲೆ ಗುಂಡಿ ಒತ್ತುತ್ತೇನೆ. ಒಂದು ಹೋಳು ದೇವರಿಗೆ, ಇನ್ನೊಂದು ಮನೆಗೆ. ಎರಡು ವರ್ಷ ಸುಮ್ಮನಿದ್ದ ಗಂಗಮ್ಮನನ್ನು ಬರಿಗೈಲಿ ಎಬ್ಬಿಸುವ ಧೈರ್ಯ ನಮ್ಮ ಕಡೆ ಯಾರಿಗೂ ಇಲ್ಲ. ಕಳ್ಳತನದಲ್ಲಿ ಎಬ್ಬಿಸುವವನಿಗೆ ಇನ್ನೂ ಹೆಚ್ಚು ಭಯ.

"ಕ್ರಾಂತಿಕುಮಾರ್, ನೀವು ಮೋಟರಿಗೆ ಪೂಜಿ ಮಾಡ್ತೀರೇನು?" ಎಂದು ಶಿವಲೀಲಾ ಕೇಳಿದಳು.

"ನಮ್ಮಪ್ಪನ ಕಾಲದಾಗಾ ಬೌದ್ಧರಾದ್ವಿ ಮೇಡಂ. ನಮ್ಮನ್ಯಾಗ ತೆಂಗಿನಕಾಯಿ ಒಡಿಯೋದು ಚಟ್ನಿಗಷ್ಟಾ."

ನನಗೆ ನಗು ಬಂತು. ಆದರೂ ಪೊಲೀಸು ಬುದ್ಧಿ ಸುಮ್ಮನಿರಲಿಲ್ಲ. ಅವಳನ್ನು ಪಕ್ಕಕ್ಕೆ ಕರೆದೆ. "ನಮ್ಮನ್ನ ದಾರಿ ತಪ್ಪಸಾಕ ಅವನಾ ಮಾಡಿರಬಾರದೇನು?"

"ತೋರ್ಸಾಕ ಮಾಡಿದ್ರ ಕಾಣೋ ಜಾಗದಾಗ ಮಾಡ್ತಿದ್ದ. ಇದು ಪೆಟ್ಟಿಗಿ ಒಳಗ, ಮ್ಯಾಲ ಬೀಗ. ಇದು ಭಕ್ತಿಗೆ ಮಾಡಿದ್ದು. ಮಾಡಿದವ್ರಿಗೆ ಇದನ್ನ ಯಾರಾದ್ರೂ ಸುಳುವು ಅಂತ ನೋಡ್ತಾರ ಅನ್ನೋದಾ ಹೊಳದಿಲ್ಲ."

ಮೋಟಾರು ಹಾಕಿಸಿದಳು. ನೀರು ಬಂತು. ನಾನು ಕೆಂಪು ನೀರು ಬರುತ್ತದೆ ಎಂದು ಕಣ್ಣು ಅಗಲಿಸಿ ಕಾದಿದ್ದೆ. ಬಂದದ್ದು ಸ್ಫಟಿಕದಂಥ ತಿಳಿ ನೀರು.

"ಇದು ಛಲೋ ಐತಲ್ರಿ ಮೇಡಂ!"

"ಹೌದು. ಅವ್ರೂ ಹಂಗಾ ಅನಕಂಡಾರ," ಎಂದಳು. ಒಂದು ಕ್ಯಾನು ತುಂಬಿ ಗಟ್ಟಿಯಾಗಿ ಮುಚ್ಚಳ ಹಾಕಿದಳು. ಯಾರು ಅವರು ಎಂದು ಕೇಳಿದರೆ ಸಂಜೆಗೆ ಹೇಳುತ್ತೇನೆ ಅಂದಳು.

*

ನನ್ನ ಅನುಮಾನ ಟ್ಯಾಂಕರ್ ಲಾರಿ ಓಡಿಸುವ ಸುಂಕಪ್ಪನ ಮೇಲೆ. ಮಾಗಳದವರೆಗೆ ಹೋಗುವ ಸೋಮಾರಿತನಕ್ಕೆ ಆ ಹಳೇ ಬೋರಿನಲ್ಲೇ ತುಂಬಿಸಿ ಕೊಳಕ್ಕೆ ಬಿಟ್ಟಿರಬೇಕು. ರೈಲ್ವೆ ಸ್ಟೇಷನ್ ರಸ್ತೆಯ ಬೇವಿನ ಮರದ ಕೆಳಗೆ ಲಾರಿ ನಿಲ್ಲಿಸಿ ಮಲಗಿದ್ದ. ಲಾಠಿಯಿಂದ ಬಾಗಿಲು ಬಡಿದೆ.

"ಎಲ್ಲಿ ತುಂಬಿಸಿದಿ ಖರೇ ಹೇಳು."

"ಮಾಗಳದ ಹೊಳ್ಯಾಗ್ರೀ. ಆರು ಟ್ರಿಪ್. ಬೇಕಾದ್ರ ಹೊಳಿ ದಂಡ್ಯಾಗಿನ ಮಂದೀನ ಕೇಳ್ರಿ."

ಶಿವಲೀಲಾ ಲಾರಿಯ ಹಿಂದೆ ಹೋಗಿ ನೀರು ಬಿಡುವ ಪೈಪಿನ ಬಾಯಿಗೆ ಎರಡು ಬೆರಳು ಹಾಕಿದಳು. ತಿರುವಿ ತೆಗೆದಳು. ಬೆರಳಿಗೆ ನುಣ್ಣನೆಯ ಹೊಳೆ ಉಸುಕು ಹತ್ತಿತ್ತು.

"ಸವಳ ನೀರು ಹೊತ್ತ ಟ್ಯಾಂಕರಿನ ಬಾಯಿಗೆ ತಿಂಗಳಾಗ ಬಿಳಿ ಪೊರಿ ಕಟ್ಟತೈತಿ. ಕೆರದ್ರೂ ಹೋಗಂಗಿಲ್ಲ. ಈ ಪೈಪು ನುಣ್ಣಗ ಐತಿ. ಈತ ಹೇಳೋದು ಖರೇ. ಈ ಲಾರಿ ಹೊಳಿ ನೀರಷ್ಟಾ ಹೊರತೈತಿ."

ಸುಂಕಪ್ಪ ನೆಟ್ಟಗಾದ. "ಹಂಗ ಹೇಳ್ರಿ ಅಕ್ಕಾರ! ಬಡವನ ಮ್ಯಾಲ ಎಲ್ಲಾರೂ..."

"ಎಲ್ಲಿ ಇಳಿಸಿದಿ?"

ಸುಂಕಪ್ಪ ಬಗ್ಗಿ ಟೈರು ನೋಡತೊಡಗಿದ. ಟೈರಿಗೆ ಏನೂ ಆಗಿರಲಿಲ್ಲ.

"ಹೇಳಿದಲ್ಲಿ ಇಳಿಸೀನ್ರಿ."

"ಯಾರು ಹೇಳಿದಲ್ಲಿ?"

"ಅಕ್ಕಾರ, ವರ್ಷಾನುಗಟ್ಲೆ ಕೆಲಸ ಕೊಟ್ಟವ್ರು ಅದಾರ. ನನ್ನ ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ."

ಠಾಣೆಗೆ ಎಳೆದುಕೊಂಡು ಹೋದರೆ ಹತ್ತು ನಿಮಿಷದಲ್ಲಿ ಬಾಯಿ ಬಿಡುತ್ತಾನೆ ಎಂದೆ. ಅವಳು ತಲೆ ಆಡಿಸಿದಳು. "ಹೆದರಿಸಿ ಹೇಳಿಸಿದ ಮಾತನ್ನ ಸಭ್ಯಾಗ ತಿರುವಿ ಹಾಕ್ತಾರ. ಐದಕ್ಕ ಬಂದು ಬಾಗಲದಾಗ ನಿಂದ್ರಪಾ, ಸಾಕು. ದಫೇದಾರ್ರ, ನಡೀರಿ. ಹುಲುಗಣ್ಣಾರನ್ನ ಒಂದು ಮಾತು ಕೇಳೂಣು, ಆ ಹಳೀ ಬೋರಿನ ಕೀಲಿ ಯಾರು ಒಯ್ದಿದ್ರು ಅಂತ."

*

ಮಂಟಪದಲ್ಲಿ ಕೊನೆಯ ಪಂಕ್ತಿ ಏಳುತ್ತಿತ್ತು. ಮದುಮಕ್ಕಳ ಕಾರು ಆಗಲೇ ಹರಪನಹಳ್ಳಿ ಕಡೆ ಹೊರಟು ಹೋಗಿತ್ತು. ಹುಲುಗಣ್ಣ ನಮ್ಮನ್ನು ನೋಡಿ ಕೈ ಹಿಡಿದು ಒಳಗೆ ಎಳೆದರು.

"ಕೀಲಿ ಸುದ್ದಿ ಆಮ್ಯಾಲ. ಮೊದ್ಲು ಉಣ್ರಿ."

"ಇಲ್ರಿ, ನಾವು ಡ್ಯೂಟಿ ಮ್ಯಾಲ..."

"ಏನ್ರಿ ದಫೇದಾರ್ರ! ಮದುವಿ ಮನಿಗೆ ಬಂದು ಉಣದಂಗ ಹೋಗಾಕ ನಾನು ಬಿಡ್ತೀನೇನು? ನನ್ನ ಮಾನ ಹೋಕ್ಕತಿ. ಕೈ ತೊಳಕೊಳ್ರಿ ಮೇಡಂ, ನೀವೂನು."

ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಹುಲುಗಣ್ಣ ಕೆಟ್ಟ ಮನುಷ್ಯ ಅಲ್ಲ. ಅವರ ಮಂಟಪದಿಂದ ಹಸಿದು ಹೋದವರನ್ನು ನಾನು ಕಂಡಿಲ್ಲ. ಅನುಮಾನಿಸಿ ಬಂದವರಿಗೂ ಎಲೆ ಹಾಕುವ ಮನುಷ್ಯ.

ಕೈ ತೊಳೆಯಲು ಗೋಡೆಗೆ ಸಾಲಾಗಿ ಹತ್ತು ನಳ. ಹತ್ತಕ್ಕೂ ಬಾಯಿಯ ಸುತ್ತ ಬಿಳಿ ಪೊರೆ ಗಂಟುಗಂಟಾಗಿ ಕಟ್ಟಿತ್ತು. ಶಿವಲೀಲಾ ಸೋಪು ಹಚ್ಚಿದಳು. ಕೈ ತುಂಬ ನೊರೆ ಎದ್ದಿತು. ತೊಳೆದಳು, ಮತ್ತೆ ತೊಳೆದಳು. ಕೈ ಇನ್ನೂ ಜಾರುತ್ತಿತ್ತು. ಅವಳು ಕೈ ನೋಡಿದಳು, ನಳ ನೋಡಿದಳು. ಚೀಲದಿಂದ ಇನ್ನೊಂದು ಖಾಲಿ ಕ್ಯಾನು ತೆಗೆದು ಅದೇ ನಳದ ಕೆಳಗೆ ಹಿಡಿದಳು.

"ಕುಡಿಯಾಕೇನ್ರಿ?" ಎಂದೆ.

"ಹೂಂ," ಎಂದಳು.

ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಬೇಳೆ ಸಾರು. ಬೇಳೆ ಬೆಣ್ಣೆಯಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ. ಉಂಡು ಎದ್ದ ಮೇಲೆ ಶಿವಲೀಲಾ ಅಡುಗೆಮನೆಗೆ ಹೋಗಿ, ಕೂಡ್ಲಿಗಿಯಿಂದ ಬಂದ ಅಡುಗೆಯ ಹೊನ್ನೂರಮ್ಮನ ಜೊತೆ ಹತ್ತು ನಿಮಿಷ ಮಾತಾಡಿದಳು. ನಾನು ಹೊರಗೆ ಎಲೆಅಡಿಕೆ ಹಾಕಿಕೊಂಡು ಕಾದೆ. ಕೀಲಿ ಯಾರು ಒಯ್ದಿದ್ದರೋ ತನಗೆ ಗೊತ್ತಿಲ್ಲ ಎಂದರು ಹುಲುಗಣ್ಣ. ಊಟ ಚೆನ್ನಾಗಿತ್ತು ಎನ್ನುವುದನ್ನು ಬಿಟ್ಟು ನನಗೆ ಅಲ್ಲಿ ಏನೂ ತಿಳಿಯಲಿಲ್ಲ.

*

ಐದು ಗಂಟೆಗೆ ಕೊಳದ ಪಕ್ಕದ ಹಾಲ್‌ನಲ್ಲಿ ಸಮಿತಿ ಕೂತಿತು. ಏಳು ಜನ ಸದಸ್ಯರು. ಕ್ರಾಂತಿಕುಮಾರ ಗೋಡೆಗೆ ಒರಗಿ ನಿಂತಿದ್ದ. ರೇಖಾ ಮತ್ತು ಹುಡುಗಿಯರು ಕಿಟಕಿಯ ಹೊರಗೆ. ಹುಲುಗಣ್ಣ ನಿರ್ಣಯ ಓದಲು ಎದ್ದರು.

"ಒಂದು ನಿಮಿಷ್ರೀ," ಎಂದಳು ಶಿವಲೀಲಾ.

ಎರಡು ಬಿಳಿ ಬಕೆಟ್ಟು ಮೇಜಿನ ಮೇಲಿಟ್ಟಳು. ಎರಡೂ ಕ್ಯಾನಿನ ನೀರು ಸುರಿದಳು. ಎರಡೂ ತಿಳಿ.

"ಇದರಾಗ ಕೆಟ್ಟ ನೀರು ಯಾವುದು ಹೇಳ್ರಿ."

ಸದಸ್ಯರು ಬಗ್ಗಿ ನೋಡಿದರು. ಮೂಸಿದರು. ಇಬ್ಬರು ಮೊದಲನೆಯದು ಎಂದರು, ಒಬ್ಬರು ಎರಡನೆಯದು ಎಂದರು, ಉಳಿದವರು ಗಡ್ಡ ಕೆರೆದುಕೊಂಡರು.

"ಕ್ರಾಂತಿಕುಮಾರ್, ನಿನ್ನಿ ಹಾಕಿದ್ದಾ ಪುಡಿ ಎರಡಕ್ಕೂ ಒಂದೊಂದು ಚಿಟಿಕಿ ಹಾಕ್ರಿ."

ಹಾಕಿದ. ಕೈಯಾಡಿಸಿದ. ಮೊದಲ ಬಕೆಟ್ಟು ನಿಧಾನಕ್ಕೆ ಹಳದಿಗೆ ತಿರುಗಿತು. ನಾವು ನೋಡುತ್ತಿದ್ದಂತೆ ಕಂದಾಯಿತು. ತಳಕ್ಕೆ ಕೆಸರು ಇಳಿಯತೊಡಗಿತು. ಎರಡನೆಯದು ಇದ್ದ ಹಾಗೇ ಇತ್ತು.

"ಮೊದಲನೇದು ಹಿಂದಿನ ಹಳೀ ಬೋರಿನ ನೀರು. ಅದರಾಗ ಕಬ್ಬಿಣ, ಮ್ಯಾಂಗನೀಸು ಕರಗಿರತಾವು. ಕರಗಿರೋ ತನಕ ಕಣ್ಣಿಗೆ ಕಾಣಂಗಿಲ್ಲ. ಪುಡಿ ಬಿದ್ದ ಕೂಡ್ಲೆ ಹೊರಗ ಬರತಾವು. ನಿನ್ನಿ ಕೊಳದಾಗ ಆಗಿದ್ದೂ ಇಷ್ಟಾ. ಪುಡಿ ತಪ್ಪಿಲ್ಲ. ಹಾಕಿದವನ ತಪ್ಪಿಲ್ಲ. ಇಳಿದ ಹುಡುಗ್ಯಾರ ತಪ್ಪಂತೂ ಮೊದ್ಲಾ ಇಲ್ಲ. ಹುಡುಗ್ಯಾರು ಇಳಿದ್ರ ನೀರಾಗ ಮ್ಯಾಂಗನೀಸು ಹುಟ್ಟಂಗಿಲ್ರಿ."

ಕಿಟಕಿಯ ಹೊರಗೆ ಯಾರೋ ಜೋರಾಗಿ ಉಸಿರು ಬಿಟ್ಟರು.

"ಹಂಗಾದ್ರ ಆ ಬೋರು ಚಾಲೂ ಮಾಡಿದವ್ರು ಯಾರು?" ಎಂದರು ಒಬ್ಬ ಸದಸ್ಯರು.

"ಹೊಳಿ ನೀರು ಒಯ್ದವ್ರು. ಆರು ಟ್ಯಾಂಕರ್ ಬ್ಯಾರೆ ಕಡೆ ಹೋದ್ರ ಕೊಳದಾಗ ಒಂದು ಪಾಲು ಖಾಲಿ ಉಳೀತೈತಿ. ಎಂದಿನ ಬೋರು ಹಾಕಿದ್ರ ಮೀಟರಿನಾಗ ಗೊತ್ತಾಕ್ಕತಿ, ದಿನಾ ಬರದಿಡ್ತಾರ. ಹಳೀ ಬೋರಿಂದು ಯಾರೂ ನೋಡಂಗಿಲ್ಲ. ನೀರೂ ಗಾಜಿನಂಗ ಬಂತು. ಆದ್ರ ಪೂಜಿ ಮಾಡದಂಗ ಗುಂಡಿ ಒತ್ತಾಕ ಮನಸು ಬರಲಿಲ್ಲ. ಪೆಟ್ಟಿಗ್ಯಾಗ ಅರ್ಧ ಕಾಯಿ ಇನ್ನೂ ಐತಿ. ಕ್ರಾಂತಿಕುಮಾರ್ ಕಾಯಿ ಒಡಿಯೋ ಪೈಕಿ ಅಲ್ಲ."

"ಎರಡನೇ ಬಕೆಟ್ಟು?" ನಾನು ಕೇಳಿದೆ. ನನಗೂ ಆಗ ತಾನೇ ಹೊಳೆಯತೊಡಗಿತ್ತು.

"ಅದು ಮಾಗಳದ ಹೊಳಿ ನೀರು. ಲೆಕ್ಕ ಹಾಕಿ ನೋಡೀನಿ, ನೂರಾ ಇಪ್ಪತ್ತೈದು. ಆದ್ರ ನಾನು ಮಾಗಳಕ್ಕ ಹೋಗಿಲ್ಲ." ಅವಳು ಹುಲುಗಣ್ಣನ ಕಡೆ ತಿರುಗಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ. "ನೀವು ಕೈ ತೊಳಕೊಳ್ರಿ ಅಂದ್ರಲ್ಲ, ಆ ನಳದಾಗ ಹಿಡದೀನಿ. ಆ ನಳಕ್ಕ ಬೆರಳು ದಪ್ಪ ಬಿಳಿ ಪೊರಿ ಐತಿ. ಅಂದ್ರ ವರ್ಷಾನುಗಟ್ಲೆ ಅದರಾಗ ಸವಳ ನೀರಾ ಬಂದೈತಿ. ಸವಳ ನೀರಿನಾಗ ಸೋಪು ನೊರಿ ಆಗಂಗಿಲ್ಲ. ಇವತ್ತು ನನ್ನ ಕೈಯಾಗಿನ ನೊರಿ ಹೋಗವಲ್ದು. ಸವಳ ನೀರಿನಾಗ ಬ್ಯಾಳಿ ಬೇಯಂಗಿಲ್ಲ. ಇವತ್ತು ದಫೇದಾರ್ರು ಎರಡು ಸಲ ಹಾಕಿಸಿಕೊಂಡ್ರು."

ಎಲ್ಲರೂ ನನ್ನ ಹೊಟ್ಟೆ ನೋಡಿದರು.

"ಹೊಳಿ ನೀರು ನಾನು ಬ್ಯಾರೆ ತರಿಸಿರಬಾರದೇನು?" ಹುಲುಗಣ್ಣನ ದನಿ ಸಣ್ಣದಾಗಿತ್ತು.

ನಾನು ಬಾಗಿಲ ಕಡೆ ಕೈ ಮಾಡಿದೆ. ಸುಂಕಪ್ಪ ಟವೆಲ್ಲು ಹಿಂಡುತ್ತ ನಿಂತಿದ್ದ. ಅವನು ಹುಲುಗಣ್ಣನನ್ನು ನೋಡಿದ, ಕಿಟಕಿಯಾಚೆಯ ಹುಡುಗಿಯರನ್ನು ನೋಡಿದ, ನೆಲ ನೋಡಿದ.

"ಆರಕ್ಕಾರೂ ಟ್ರಿಪ್ ಮಂಟಪದ ತೊಟ್ಟಿಗೇ ಇಳಿಸೀನ್ರಿ. ಸಾಹುಕಾರ್ರು ಹಂಗಾ ಹೇಳಿದ್ರು. ಹುಡುಗ್ಯಾರ ಮ್ಯಾಲ ಬರತೈತಿ ಅಂತ ಗೊತ್ತಿದ್ರ ಮುಂಜಾನಿನಾ ಹೇಳ್ತಿದ್ದೆ."

ಹುಲುಗಣ್ಣ ಕುರ್ಚಿಯ ಮೇಲೆ ಕೂತರು. ಕೈಯಲ್ಲಿದ್ದ ನಿರ್ಣಯದ ಕಾಗದ ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

"ಹೋದ ತಿಂಗಳ ಮದುವ್ಯಾಗ ಬ್ಯಾಳಿ ಬೇಯಲಿಲ್ರಿ. ಬೀಗರು ಎಲಿ ಬಿಟ್ಟು ಎದ್ದು ಹೋದ್ರು. ಊರ ತುಂಬ ನನ್ನ ಮಂಟಪದ ಸುದ್ದಿ ಆತು. ಹೊಳಿ ನೀರು ಇಲ್ಲಂದ್ರ ಒಲಿ ಹಚ್ಚಂಗಿಲ್ಲ ಅಂದ್ಲು ಹೊನ್ನೂರಮ್ಮ. ಮದುವಿ ಸೀಜನ್ನು, ಬ್ಯಾರೆ ಟ್ಯಾಂಕರು ಸಿಗಲಿಲ್ಲ. ಎರಡು ಟ್ರಿಪ್ ಸಾಕು ಅನಕಂಡೆ, ಆರೂ ತಗೊಂಡೆ. ಬೋರು ನಾನಾ ಹಾಕಿದ್ದು. ನೀರು ತಿಳಿ ಇತ್ತು, ಯಾರಿಗೇನು ಗೊತ್ತಾಕ್ಕತಿ ಅನಿಸ್ತು. ಮುಂಜಾನಿ ಕೆಂಪಗಾಗಿದ್ದು ನೋಡಿ ಎದಿ ಧಸಕ್ ಅಂತು."

"ಮತ್ತ ಆ ಅರ್ಜಿ?" ಎಂದೆ.

"ಹೆದರಿಕಿ ಆತು. ಕೈಗೆ ಸಿಕ್ಕವರ ಹೆಸರು ಬರದೆ."

ನನಗೆ ಆ ಬೋರಿಗಿಂತ, ಆ ಆರು ಟ್ಯಾಂಕರಿಗಿಂತ ಹೆಚ್ಚು ಸಿಟ್ಟು ಬಂದದ್ದು ಈ ಮಾತಿಗೆ. ಕೈಗೆ ಸಿಕ್ಕವರು ಯಾವಾಗಲೂ ಅದೇ ಕೇರಿಯವರು ಯಾಕೆ ಆಗುತ್ತಾರೆ?

ಕ್ರಾಂತಿಕುಮಾರ ಗೋಡೆ ಬಿಟ್ಟು ಮುಂದೆ ಬಂದ. ಬೆಳಿಗ್ಗೆಯಿಂದ ಬಾಗಿದ್ದ ತಲೆ ಈಗ ನೆಟ್ಟಗಿತ್ತು.

"ಸರ್, ನನ್ನ ಮ್ಯಾಲ ಬರದಿದ್ದು ಇರಲಿ ಬಿಡ್ರಿ, ಅದನ್ನ ಮೇಡಂ ತೊಳದಾರ. ಎರಡನೇ ಸಾಲು ಸುಳ್ಳು ಅಂತ ನೀವಾ ನಿಮ್ಮ ಕೈಲೆ ಬರದು ಹೊರಗ ಬೋರ್ಡಿಗೆ ಹಚ್ಚಬೇಕು. ಇವತ್ತಾ. ಊರ ಮಂದಿ ಬಾಯಿಗೆ ಅದಾ ಹೋಗೇತಿ."

ಹುಲುಗಣ್ಣ ಬರೆದರು. ಮೂರು ಸಲ ಹರಿದು ನಾಲ್ಕನೇ ಸಲ ಸರಿಯಾಗಿ ಬರೆದರು. ಕಾರ್ಯದರ್ಶಿ ಸ್ಥಾನವನ್ನೂ ಅಲ್ಲೇ ಬಿಟ್ಟರು. ಸುಳ್ಳು ದೂರಿನ ಮುಂದಿನ ಕ್ರಮ ಎಸ್‌ಐ ಸಾಹೇಬರ ಮೇಜಿಗೆ ಹೋಯಿತು. ಹುಡುಗಿಯರ ಪಾಳಿ ಆರೂವರೆಯಿಂದ ಏಳೂವರೆ, ಕಾಯಂ, ಎಂದು ಸಮಿತಿ ನಡಾವಳಿಯಲ್ಲಿ ಬರೆಯಿತು. ರೇಖಾ ಕಿಟಕಿಯಿಂದ ತಲೆ ಒಳಗೆ ಹಾಕಿ, "ಏಳೂವರಿ ಅಲ್ರೀ, ಎಂಟು ಮಾಡ್ರಿ," ಎಂದಳು. ಎಂಟು ಮಾಡಿದರು.

*

ಕೊಳ ತೊಳೆಯಲು ನಾಲ್ಕು ದಿನ ಹಿಡಿಯಿತು. ಕ್ರಾಂತಿಕುಮಾರ ಮೊದಲು ಪಟಕ ಕರಗಿಸಿ ಹಾಕಿದ. ಒಂದು ದಿನ ನೀರು ಅಲುಗಾಡಿಸಲಿಲ್ಲ. ಕಬ್ಬಿಣದ ಕೆಸರು ತಳ ಹಿಡಿಯಿತು. ಅದನ್ನು ಪೈಪಿನಿಂದ ಎಳೆದು ಹೊರಗೆ ಹಾಕಿದ. ಫಿಲ್ಟರಿನ ಉಸುಕು ಬದಲಿಸಿದ. ಅರ್ಧ ನೀರು ಹೊರಗೆ ಬಿಟ್ಟ. ಇಪ್ಪತ್ತೆರಡು ಹುಡುಗಿಯರು ಅಂಚಿನ ಸುತ್ತ ಕೂತು ಹುಣಸೆಹುಳಿ ಹಚ್ಚಿ ಬಿಳಿ ಪೊರೆ ತಿಕ್ಕಿದರು. ಮೊದಲ ಸಲ ಆ ಟೈಲ್ಸಿನ ನಿಜವಾದ ನೀಲಿ ನೋಡಿದೆ. ಮಾಗಳದಿಂದ ನೀರು ಹೊತ್ತು ತಂದವನು ಸುಂಕಪ್ಪ. ಪ್ರತಿ ಟ್ರಿಪ್ಪಿಗೂ ಗಿಡ್ಡಮ್ಮ ಗೇಟಿನಲ್ಲಿ ನಿಂತು ಪೈಪು ಕೊಳಕ್ಕೇ ಬಿತ್ತೇ ಎಂದು ಕಣ್ಣಾರೆ ನೋಡಿದಳು.

ಶನಿವಾರ ಬೆಳಿಗ್ಗೆ ಶಿವಲೀಲಾ ನೀರು ಪರೀಕ್ಷೆ ಮಾಡಿ ನಾನೂರಾ ತೊಂಬತ್ತು ಎಂದಳು. ಕ್ರಾಂತಿಕುಮಾರ ಸೀಟಿ ಊದಿದ. ಹುಡುಗಿಯರು ಒಟ್ಟಿಗೆ ಜಿಗಿದರು. ನೀರು ನನ್ನ ಬೂಟಿನವರೆಗೂ ಹಾರಿತು. ಎಂಟರವರೆಗೆ ಈಜಿದರು, ಕೂಗಿದರು, ಮನಸಾರೆ ನಕ್ಕರು. ನನಗೆ ಬಹಳ ಖುಷಿಯಾಯಿತು.

ಎಂಟಕ್ಕೆ ಊರವರ ಪಾಳಿ. ಎಂಟು ಹತ್ತು ಗಂಡಸರು ಟವೆಲ್ಲು ಹೆಗಲಿಗೆ ಹಾಕಿ ಬಂದರು. ಬಂದವರು ಅಂಚಿನಲ್ಲಿ ನಿಂತೇ ಇದ್ದರು. ಒಬ್ಬರ ಮುಖ ಒಬ್ಬರು ನೋಡಿದರು. ಬೋರ್ಡಿನ ಮೇಲಿನ ಕಾಗದ ಎಲ್ಲರೂ ಓದಿದ್ದರು. ಆದರೂ ಹುಡುಗಿಯರು ಈಗ ತಾನೇ ಎದ್ದು ಹೋದ ನೀರಿಗೆ ಮೊದಲು ಇಳಿಯುವವನು ತಾನಾಗುವುದು ಯಾರಿಗೂ ಬೇಕಿರಲಿಲ್ಲ. ರೇಖಾ ತಲೆ ಒರೆಸುವುದನ್ನು ನಿಲ್ಲಿಸಿ ಅವರನ್ನು ನೋಡುತ್ತಿದ್ದಳು.

ಆಗ ಗೇಟಿನಿಂದ ಹುಲುಗಣ್ಣ ಬಂದರು. ಯಾರ ಜೊತೆಗೂ ಮಾತಾಡಲಿಲ್ಲ. ಶರ್ಟು ಬಿಚ್ಚಿ ಕುರ್ಚಿಯ ಮೇಲೆ ಇಟ್ಟರು. ಬನಿಯನ್ನಿನಲ್ಲಿ, ಮೊಣಕಾಲು ಮುಟ್ಟುವ ಚಡ್ಡಿಯಲ್ಲಿ, ಹೊಟ್ಟೆ ಒಳಗೆ ಎಳೆದುಕೊಂಡು ಅಂಚಿನ ಹತ್ತಿರ ನಡೆದರು. ಅವರಿಗೆ ಈಜು ಬಾರದು ಎಂದು ಎಲ್ಲರಿಗೂ ಗೊತ್ತು. ಏಣಿಯ ಸರಳು ಹಿಡಿದು ಒಂದು ಕಾಲು ಕೆಳಗೆ ಬಿಟ್ಟರು.

"ಹಾಂ ಹಾಂ! ಅಲ್ಲೇ ನಿಂದರ್ರಿ!"

ಗಿಡ್ಡಮ್ಮ. ಪೊರಕೆ ಅಡ್ಡ ಹಿಡಿದು ನಿಂತಿದ್ದಳು.

"ಹಂಗಾ ಇಳೀತೀರಲ್ರೀ? ಅಲ್ಲಿ ನಳ ಐತಿ, ಮೈ ತೊಳಕಂಡು ಬರ್ರಿ ಮೊದ್ಲು. ಹುಡುಗ್ಯಾರೆಲ್ಲ ಜಳಕ ಮಾಡೇ ಇಳಿದಾರ. ನೀರು ಹೊಲಸಾಕ್ಕತಿ."

ಹುಲುಗಣ್ಣ ಸರಳು ಹಿಡಿದುಕೊಂಡೇ ಅವಳನ್ನು ನೋಡಿದರು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ಸಡಿಲಾಯಿತು.

"ಆತವ್ವ. ತೊಳಕಂಡು ಬಂದೆ," ಎಂದರು.

ಕಾಲು ಮೇಲೆ ತೆಗೆದು ನಳದ ಕಡೆ ನಡೆದರು. ಉಳಿದವರು ಟವೆಲ್ಲು ಕೆಳಗಿಟ್ಟು ಅವರ ಹಿಂದೆ ಸಾಲಾಗಿ ನಿಂತರು.